ಅಮ್ಮನ ಕಾಲಿಗೆ ನಾನು ಕೊಟ್ಟ ನಂಬರು

ನಾನು ಏನು ಕೆಲಸ ಮಾಡುತ್ತೇನೆ ಎಂದು ಊರಲ್ಲಿ ಯಾರಾದರೂ ಕೇಳಿದರೆ ಅಮ್ಮ, "ಕಾಯಿಲೆಗಳಿಗೆ ನಂಬರ್ ಹಾಕ್ತಾಳೆ" ಎನ್ನುತ್ತಿದ್ದಳು. ಕೇಳಿದವರು ನಗುತ್ತಿದ್ದರು. ಕಾಯಿಲೆಗೆ ಔಷಧಿ ಕೊಡುವವರುಂಟು, ಸೂಜಿ ಚುಚ್ಚುವವರುಂಟು, ತಾಯತ ಕಟ್ಟುವವರೂ ಉಂಟು. ನಂಬರು ಹಾಕಿ ಏನು ಮಾಡುತ್ತಾರೆ? ನನಗೆ ಸಿಟ್ಟು ಬರುತ್ತಿತ್ತು. ಬಿಎಸ್ಸಿ ಓದಿ, ಬೆಂಗಳೂರಿನಲ್ಲಿ ಆರು ತಿಂಗಳು ತರಬೇತಿ ಪಡೆದು, ತಲೆ ಸಿಡಿಯುವಂಥ ಪರೀಕ್ಷೆ ಪಾಸು ಮಾಡಿದವಳನ್ನು ಅಮ್ಮ ಬಸ್ಸಿನ ಬೋರ್ಡಿಗೆ ನಂಬರು ಬರೆಯುವವಳ ಮಟ್ಟಕ್ಕೆ ಇಳಿಸಿಬಿಡುತ್ತಿದ್ದಳು. ಆದರೆ ನಿಜ ಹೇಳಬೇಕೆಂದರೆ ಅವಳು ಹೇಳುತ್ತಿದ್ದುದರಲ್ಲಿ ತಪ್ಪೇನಿರಲಿಲ್ಲ.

ದೂರದ ದೇಶದ ಆಸ್ಪತ್ರೆಗಳ ಕೇಸ್‌ಶೀಟುಗಳು ಚಿಕ್ಕಬಳ್ಳಾಪುರದ ನಮ್ಮ ಮನೆಯ ಲ್ಯಾಪ್‌ಟಾಪಿಗೆ ಬಂದು ಬೀಳುತ್ತವೆ. ರೋಗಿಯ ಹೆಸರಿರುವುದಿಲ್ಲ. ವಯಸ್ಸು, ಗಂಡೋ ಹೆಣ್ಣೋ ಎಂಬುದು, ಒಂದು ಕ್ರಮಸಂಖ್ಯೆ, ಅಷ್ಟೇ. ಡಾಕ್ಟರು ಬರೆದಿರುವುದನ್ನು ಓದಿ ಒಂದೊಂದು ಕಾಯಿಲೆಗೂ ಗೊತ್ತುಪಡಿಸಿದ ಕೋಡ್ ಹಾಕಬೇಕು, ವಿಮೆಯವರು ಆಸ್ಪತ್ರೆಗೆ ದುಡ್ಡು ಕೊಡುವುದು ಆ ಕೋಡು ನೋಡಿ. ಬರೆದಿದ್ದರೆ ಉಂಟು, ಬರೆಯದಿದ್ದರೆ ಇಲ್ಲ. ನಮ್ಮ ಕೆಲಸದ ಮೊದಲ ಪಾಠ ಅದು, ಕೊನೆಯ ಪಾಠವೂ ಅದೇ. ನನ್ನ ಪಾಲಿಗೆ ಹೆಚ್ಚಾಗಿ ಬರುವವರು ಸಕ್ಕರೆ ಕಾಯಿಲೆಯವರು, ಅದರಿಂದ ಕಾಲು ಕಳೆದುಕೊಂಡವರು.

ಕತ್ತರಿಸಿಹೋದ ಕೈಕಾಲುಗಳ ಕೋಡು ಝಡ್ ಎಂಬತ್ತೊಂಬತ್ತರಿಂದ ಶುರುವಾಗುತ್ತದೆ. ಅದು ಗಾಯದ ಕೋಡಲ್ಲ. ಗಾಯವೆಲ್ಲ ಮಾಗಿ, ಈಗ ಆ ಅಂಗ ಇಲ್ಲ ಎಂದು ಹೇಳುವ ಕೋಡು. ಚುಕ್ಕಿಯಾದ ಮೇಲೆ ಬರುವ ಅಂಕಿ ಎಲ್ಲಿಯವರೆಗೆ ಹೋಗಿದೆ ಎಂದು ತಿಳಿಸುತ್ತದೆ. ನಾಲ್ಕು ಎಂದರೆ ಕಾಲ್ಬೆರಳು, ಪಾದ. ಐದು ಎಂದರೆ ಮೊಣಕಾಲಿನವರೆಗೆ. ಆರು ಎಂದರೆ ಮೊಣಕಾಲಿನ ಮೇಲೆ, ತೊಡೆ. ಕೊನೆಯ ಅಂಕಿ ಒಂದಾದರೆ ಬಲಗಾಲು, ಎರಡಾದರೆ ಎಡಗಾಲು, ಡಾಕ್ಟರು ಬರೆಯಲು ಮರೆತಿದ್ದರೆ ಒಂಬತ್ತು. ಈ ಪಟ್ಟಿ ಮಾಡಿದವರು ಏನು ಯೋಚಿಸಿ ಮಾಡಿದರೋ, ಮೆಟ್ಟಿಲಿನ ಹಾಗೆ ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ.

ಇನ್ನೊಂದು ವಿಚಿತ್ರವಿದೆ. ವಿಮೆಯ ಲೆಕ್ಕಕ್ಕೆ ವರ್ಷಕ್ಕೊಮ್ಮೆಯಾದರೂ ಯಾರಾದರೊಬ್ಬ ಡಾಕ್ಟರು "ಇವರಿಗೆ ಎಡಗಾಲಿಲ್ಲ" ಎಂದು ಹೊಸದಾಗಿ ಬರೆಯಬೇಕು. ಬರೆಯದಿದ್ದರೆ ಆ ವರ್ಷಕ್ಕೆ ಕಾಗದದ ಮೇಲೆ ಅವರಿಗೆ ಎರಡು ಕಾಲೂ ಇದ್ದಂತೆಯೇ. ಎಷ್ಟೋ ಡಾಕ್ಟರುಗಳು ಹಳೆಯ ಸಾಲುಗಳನ್ನೇ ಎತ್ತಿ ಅಂಟಿಸಿಬಿಡುತ್ತಾರೆ. ತೊಡೆಯವರೆಗೆ ಕಾಲಿಲ್ಲದ ಮುದುಕನ ಕೇಸ್‌ಶೀಟಿನಲ್ಲಿ "ಎರಡೂ ಪಾದಗಳಲ್ಲಿ ನಾಡಿ ಚೆನ್ನಾಗಿದೆ" ಎಂದು ಇರುತ್ತದೆ. ಹೊಸದರಲ್ಲಿ ನಾವು ಜೊತೆಗೆಲಸದವರೆಲ್ಲ ಇದನ್ನು ಫೋನಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಿದ್ದೆವು.

ನನ್ನ ನಗು ನಿಂತದ್ದು ಒಬ್ಬ ರೋಗಿಯಿಂದ. ಅವನ ಕ್ರಮಸಂಖ್ಯೆ ಮೂರು ಸೊನ್ನೆಗಳಲ್ಲಿ ಮುಗಿಯುತ್ತಿತ್ತು, ಹಾಗಾಗಿ ನೆನಪಿನಲ್ಲಿ ಉಳಿದುಬಿಟ್ಟ. ಮೊದಲ ವರ್ಷ ಅವನ ಬಲಗಾಲಿನ ಹೆಬ್ಬೆರಳಿಗೆ ಕೋಡ್ ಹಾಕಿದೆ. ಮಾರನೇ ವರ್ಷ ಪಾದಕ್ಕೆ. ಅದರ ಮಾರನೇ ವರ್ಷ ಮೊಣಕಾಲಿಗೆ. ನಾಲ್ಕನೇ ವರ್ಷ ಅವನ ಶೀಟು ಬರಲಿಲ್ಲ. ಬೇರೆಯವರ ಪಾಲಿಗೆ ಹೋಗಿರಬಹುದು, ಬೇರೆ ಆಸ್ಪತ್ರೆಗೆ ಸೇರಿರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಅವತ್ತಿನಿಂದ ಬೆರಳಿನ ಕೋಡು ಹಾಕುವಾಗಲೆಲ್ಲ ಅಮ್ಮನ ಕಾಲು ನೆನಪಾಗುತ್ತಿತ್ತು. ಏಕೆಂದರೆ ಅಮ್ಮನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು, ಅವಳ ಪಾದಗಳು ಎರಡು ವರ್ಷದಿಂದ ಜೋಮು ಹಿಡಿದಿದ್ದವು, ಮತ್ತು ಅವಳು ರೇಷ್ಮೆ ಹುಳು ಸಾಕುತ್ತಿದ್ದಳು.

ಹುಳು ಸಾಕುವುದಕ್ಕೂ ಪಾದಕ್ಕೂ ಏನು ಸಂಬಂಧ ಎಂದರೆ ನನ್ನ ತವರಿಗೆ ಬಂದು ನೋಡಬೇಕು. ಊರು ಮೇಲೂರಿನ ಹತ್ತಿರ. ಮನೆಯ ಪಕ್ಕದಲ್ಲೇ ಹುಳುವಿನ ಮನೆ, ಅದರಾಚೆಗೆ ಹಿಪ್ಪುನೇರಳೆ ಸೊಪ್ಪಿನ ತೋಟ. ಹುಳುವಿನ ಮನೆಯೊಳಕ್ಕೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಸಿದ ಗೋಣಿತಾಟು ಹಾಸಿರುತ್ತದೆ, ಅದನ್ನು ಬರಿಗಾಲಿನಲ್ಲಿ ತುಳಿದೇ ಒಳಗೆ ಹೋಗಬೇಕು. ಒಳಗೆ ನೆಲದ ಮೇಲೆ ಸುಣ್ಣದ ಪುಡಿ. ಹುಳುಗಳು ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತಾಗ ಅವುಗಳ ಮೇಲೂ ಸುಣ್ಣ ಉದುರಿಸುತ್ತಾರೆ. ಸಾವಿನ ಮನೆಗೆ, ಆಸ್ಪತ್ರೆಗೆ ಹೋಗಿಬಂದವರು ಆ ಬೆಳೆ ಮುಗಿಯುವ ತನಕ ಒಳಗೆ ಬರಬಾರದು. ಹುಳುವಿಗೆ ರೋಗ ತಗುಲಿದರೆ ಒಂದೇ ದಿನದಲ್ಲಿ ತಟ್ಟೆಗಟ್ಟಲೆ ಸತ್ತು ಬೀಳುತ್ತವೆ. ಅಮ್ಮ ಇದನ್ನೆಲ್ಲ ಮಡಿಯ ಹಾಗೆ ಪಾಲಿಸುತ್ತಿದ್ದಳು. ಸುಣ್ಣ, ಬ್ಲೀಚಿಂಗ್, ನೆಲದ ತುಂಬ ಸೊಪ್ಪು ಬಿಡಿಸಿದ ಕಡ್ಡಿ, ಇವುಗಳ ನಡುವೆ ದಿನಕ್ಕೆ ಎಂಟು ಹತ್ತು ಸಲ, ಏನೂ ತಿಳಿಯದ ಆ ಪಾದಗಳು ಓಡಾಡುತ್ತಿದ್ದವು.

"ಒಂದು ಜೊತೆ ಚಪ್ಪಲಿ ಒಳಗಡೆಗೇ ಅಂತ ಇಟ್ಕೊಳಮ್ಮ" ಎಂದು ನಾನು ಎಷ್ಟು ಸಲ ಹೇಳಿದ್ದೆನೋ.

"ಹುಳ ಅನ್ನ ಕೊಡೋ ದೇವ್ರು ಕಣೇ. ದೇವ್ರ ಮನೆಗೆ ಯಾರಾದ್ರೂ ಚಪ್ಪಲಿ ಹಾಕ್ಕೊಂಡು ಹೋಗ್ತಾರಾ? ಏಂ ಕಾದುಲೇ" ಎನ್ನುತ್ತಿದ್ದಳು. ಅಮ್ಮನ ತವರು ಚಿಂತಾಮಣಿ ಕಡೆ. ವಾದ ಸಾಕು ಎನಿಸಿದಾಗ ಅವಳು ತೆಲುಗಿಗೆ ತಿರುಗುತ್ತಿದ್ದಳು. ಏನೂ ಆಗಲ್ಲ ಎಂದು ತೆಲುಗಿನಲ್ಲಿ ಹೇಳಿಬಿಟ್ಟರೆ ಅಲ್ಲಿಗೆ ಮಾತು ಮುಗಿಯಿತು.

ಹುಳುಗಳು ನಾಲ್ಕನೇ ಜ್ವರ ಎದ್ದ ಮೇಲಿನ ಏಳು ದಿನ ನಮ್ಮಲ್ಲಿ ಯಾರಿಗೂ ಕೂರಲು ಪುರುಸೊತ್ತಿಲ್ಲ. ಆಗ ಅವು ತಿನ್ನುವ ಸದ್ದು ಹೊರಗಿನ ಜಗಲಿಗೂ ಕೇಳಿಸುತ್ತದೆ. ಆ ವಾರ ಹೆಣ್ಣುಮಕ್ಕಳು ತವರಿಗೆ ಬಂದು ಕೈಜೋಡಿಸುವುದು ರೂಢಿ. ಗಂಡ ದಿನಾ ಗೌರಿಬಿದನೂರಿಗೆ ಹೋಗಿಬರುವ ಮೇಷ್ಟ್ರು, ಅವರಿಗೆ ರಜೆ ಇರಲಿ ಬಿಡಲಿ, ನಾನು ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿಬಿಡುತ್ತೇನೆ. ಎರಡು ವರ್ಷದ ಹಿಂದಿನ ಕಾರ್ತಿಕದಲ್ಲೂ ಹಾಗೇ ಹೋಗಿದ್ದೆ.

ಹೋದ ಮಾರನೇ ದಿನ ಬೆಳಿಗ್ಗೆ ಅಮ್ಮನ ಹಿಂದೆಯೇ ಹುಳುವಿನ ಮನೆಗೆ ಹೆಜ್ಜೆಯಿಡುತ್ತಿದ್ದೆ. ಅವಳು ತುಳಿದು ಹೋದ ಗೋಣಿತಾಟಿನ ಮೇಲೆ ರಾಗಿಮುದ್ದೆಯ ಬಣ್ಣದ ಒಂದು ಕಲೆ ಕಂಡಿತು. ಒಳಗೆ ಸುಣ್ಣದ ನೆಲದ ಮೇಲೆ ಅವಳ ಹೆಜ್ಜೆ ಗುರುತುಗಳು ಸಾಲಾಗಿ ಮೂಡಿದ್ದವು. ಎಡಗಾಲಿನ ಪ್ರತಿ ಗುರುತಿನಲ್ಲೂ ಹೆಬ್ಬೆರಳಿನ ಬುಡದಲ್ಲಿ ಅದೇ ಕಲೆ.

"ಅಮ್ಮ, ಕಾಲು ತೋರ್ಸು."

"ಸೊಪ್ಪು ಹಾಕಬೇಕು, ಆಮೇಲೆ ನೋಡೀವಂತೆ."

"ಈಗಲೇ ತೋರ್ಸು."

ನನ್ನ ದನಿ ಕೇಳಿ ಅವಳು ಹೊರಗೆ ಬಂದು ಜಗಲಿಯ ಮೇಲೆ ಕೂತಳು. ಎಡಗಾಲನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ಒಂದು ತೂತು. ಅವರೆಕಾಳಿನಷ್ಟು. ಸುತ್ತಲೂ ಚರ್ಮ ಬೆಳ್ಳಗೆ ಗಟ್ಟಿಯಾಗಿತ್ತು. ರಕ್ತವಿಲ್ಲ, ಕೀವು ಕಾಣಲಿಲ್ಲ. ಸೋರಿದ್ದರ ಮೇಲೆ ಸುಣ್ಣ ಮೆತ್ತಿಕೊಂಡು ಒಣಗಿದಂತಿತ್ತು. ಸೊಪ್ಪಿನ ಕಡ್ಡಿ ಚುಚ್ಚಿರಬೇಕು, ಯಾವಾಗ ಚುಚ್ಚಿತೋ ಅವಳಿಗೂ ಗೊತ್ತಿರಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಹೇಳಬೇಕು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನ ಆಳಕ್ಕೂ ನಮ್ಮಲ್ಲಿ ಅಂಕಿಗಳಿವೆ. ಬರೀ ಚರ್ಮ ಹರಿದಿದ್ದರೆ ಒಂದು, ಕೊಬ್ಬು ಕಾಣುತ್ತಿದ್ದರೆ ಎರಡು, ಮಾಂಸ ಕೊಳೆತಿದ್ದರೆ ಮೂರು, ಮೂಳೆ ಕೊಳೆತಿದ್ದರೆ ನಾಲ್ಕು. ಡಾಕ್ಟರು ಒಂದು ಪದ ಬರೆದರೆ ಸಾಕು, ನನ್ನ ಬೆರಳು ತಾನಾಗಿ ಅಂಕಿ ಒತ್ತುತ್ತದೆ. ಒಂಬತ್ತು ವರ್ಷದಲ್ಲಿ ಇಂಥ ಹುಣ್ಣುಗಳನ್ನು ಎಷ್ಟು ಓದಿದ್ದೆನೋ ಲೆಕ್ಕವಿಲ್ಲ. ಒಂದನ್ನೂ ಕಣ್ಣಾರೆ ನೋಡಿರಲಿಲ್ಲ. ಆದರೂ ಅಮ್ಮನ ಪಾದವನ್ನು ಬೆಳಕಿಗೆ ಹಿಡಿದು, ನನ್ನ ಜೀವನದ ಮೊದಲ ಹುಣ್ಣನ್ನು ನೋಡುತ್ತಾ, ಬಲ್ಲವಳ ಹಾಗೆ ಹೇಳಿದೆ:

"ಚರ್ಮ ಅಷ್ಟೇ ಹೋಗಿರೋದು. ಒಂದನೇ ನಂಬರು. ಆದ್ರೂ ಡಾಕ್ಟ್ರಿಗೆ ತೋರಿಸ್ಬೇಕು, ನಡಿ."

ಎರಡನೇ ಮಾತನ್ನು ಅಮ್ಮ ಕೇಳಿಸಿಕೊಳ್ಳಲೇ ಇಲ್ಲ. "ಚರ್ಮ ತಾನೇ? ಇನ್ನ ಐದು ದಿನಕ್ಕೆ ಹುಳ ಹಣ್ಣಾಗ್ತವೆ. ಚಂದ್ರಿಕೆಗೆ ಹತ್ತಿಸಿ ಅವತ್ತೇ ಬರ್ತೀನಿ. ಈಗ ಆಸ್ಪತ್ರೆಗೆ ಹೋದ್ರೆ ನಾನು ಮತ್ತೆ ಒಳಗೆ ಬರೋ ಹಂಗಿಲ್ಲ. ನಿಮ್ಮತ್ತಿಗೆ ಒಬ್ಬಳ ಕೈಲಿ ಆಗ್ತೈತಾ?"

ಹಣ್ಣಾಗುವುದೆಂದರೆ ಹುಳುಗಳು ಗೂಡು ಕಟ್ಟಲು ತಯಾರಾಗುವುದು. ಅವುಗಳನ್ನು ಆರಿಸಿ ಬಿದಿರಿನ ಚಂದ್ರಿಕೆಯ ಮೇಲೆ ಬಿಟ್ಟರೆ ಸಾಕುವವರ ಕೆಲಸ ಮುಗಿದಂತೆ. ನಾನು ಜಗಳವಾಡಿದೆ. ಅಣ್ಣನನ್ನು ಕರೆದೆ. ಅಣ್ಣ ಒಮ್ಮೆ ಅಮ್ಮನನ್ನು, ಒಮ್ಮೆ ಹುಳುವಿನ ಮನೆಯನ್ನು ನೋಡಿ, "ನೀನೇ ಹೇಳಿದ್ಯಲ್ಲ ಚರ್ಮ ಅಷ್ಟೇ ಅಂತ. ನಿಂಗೆ ಗೊತ್ತಿರ್ತೈತೆ" ಎಂದ. ಮನೆಯಲ್ಲಿ ಅವತ್ತಿನವರೆಗೆ ನನ್ನ ಕೆಲಸಕ್ಕೆ ಯಾರೂ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಆ ಮಾತಿಗೆ ನಾನು ಉಬ್ಬಿದೆನೇ? ಸ್ವಲ್ಪ ಉಬ್ಬಿದೆ. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಐದು ದಿನಕ್ಕೆ ಒಪ್ಪಿಕೊಂಡೆ.

ಒಪ್ಪಿಕೊಂಡ ಗಳಿಗೆಯಿಂದಲೇ ಭಯ ಹಿಡಿಯಿತು. ಶಿಡ್ಲಘಟ್ಟಕ್ಕೆ ಹೋಗಿ ಮುಲಾಮು, ಬ್ಯಾಂಡೇಜು, ಒಂದು ಜೊತೆ ಮೆತ್ತನೆಯ ಚಪ್ಪಲಿ ತಂದೆ. ನಾನು ನೋಡುತ್ತಿದ್ದರೆ ಅಮ್ಮ ಚಪ್ಪಲಿ ಮೆಟ್ಟುತ್ತಿದ್ದಳು. ನಾನು ಲ್ಯಾಪ್‌ಟಾಪಿನ ಮುಂದೆ ಕೂತರೆ ಅವು ಬಾಗಿಲ ಹೊರಗೆ ಬಂದು ಕೂರುತ್ತಿದ್ದವು. ದಿನಾ ಎರಡು ಹೊತ್ತು ಅವಳ ಕಾಲು ತೊಳೆದು ಬಟ್ಟೆ ಕಟ್ಟುತ್ತಿದ್ದೆ. ಹಣೆ ಮುಟ್ಟಿ ನೋಡುತ್ತಿದ್ದೆ. ಕೆಂಪು ಗೆರೆಯೇನಾದರೂ ಮೇಲಕ್ಕೆ ಹತ್ತುತ್ತಿದೆಯೇ ಎಂದು ಮೊಣಕಾಲಿನವರೆಗೆ ಸೀರೆ ಸರಿಸಿ ಹುಡುಕುತ್ತಿದ್ದೆ. "ಅಂಗಡೀಲಿ ಸೀರೆ ನೋಡ್ದಂಗೆ ನೋಡ್ತೀಯಲ್ಲೇ" ಎಂದು ಅಮ್ಮ ನಗುತ್ತಿದ್ದಳು. ನನಗೆ ನಗಲು ಆಗುತ್ತಿರಲಿಲ್ಲ. ರಾತ್ರಿ ಅವಳು ಮೂತ್ರಕ್ಕೆ ಎದ್ದರೂ ಹೆಜ್ಜೆ ಸದ್ದಿಗೆ ಕಿವಿಗೊಡುತ್ತಿದ್ದೆ.

ಕೆಲಸವನ್ನೂ ಬಿಡುವಂತಿರಲಿಲ್ಲ. ಜಗಲಿಯ ಮೇಲೆ ಕೂತು ಶೀಟು ತೆರೆದರೆ ಅಲ್ಲೂ ಕಾಲುಗಳೇ. ಎಡಗಾಲಿನ ಹೆಬ್ಬೆರಳು, ಝಡ್ ಎಂಬತ್ತೊಂಬತ್ತು ಚುಕ್ಕಿ ನಾಲ್ಕು ಒಂದು ಎರಡು. ಎಷ್ಟೋ ವರ್ಷದಿಂದ ಒತ್ತಿದ ಅಂಕಿಗಳು. ಈಗ ಒತ್ತಲು ಬೆರಳು ಬರುತ್ತಿರಲಿಲ್ಲ. ಒತ್ತಿದರೆ ಅಮ್ಮನ ಕಾಲಿಗೆ ತಗುಲುತ್ತದೇನೋ ಎಂಬ ಹುಚ್ಚು ಭಯ. ವಿಜ್ಞಾನ ಓದಿದವಳು ನಾನು, ಹಾಗೆಲ್ಲ ಆಗುವುದಿಲ್ಲವೆಂದು ಗೊತ್ತಿತ್ತು. ಆದರೂ ಆ ಶೀಟುಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ಬರೀ ರಕ್ತದೊತ್ತಡದವರನ್ನು ಹುಡುಕಿ ಹುಡುಕಿ ಮುಗಿಸಿದೆ.

ನಾಲ್ಕನೇ ದಿನ ಗಾಯ ಇನ್ನೂ ಚಿಕ್ಕದಾದಂತೆ ಕಂಡಿತು. ತೂತಿನ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಖುಷಿಯಿಂದ ಅಮ್ಮನಿಗೆ ಹೇಳಿದೆ, ಅಣ್ಣನಿಗೂ ಹೇಳಿದೆ. ಬಾಯಿ ಮುಚ್ಚಿದರೆ ಒಳಗಿನದು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಹೊಳೆಯಲಿಲ್ಲ.

ಐದನೇ ದಿನ ಮಧ್ಯಾಹ್ನ ಹುಳುಗಳು ಹಣ್ಣಾಗಲು ಶುರುವಾದವು. ಎಲ್ಲರೂ ಒಳಗೆ ಹುಳು ಆರಿಸುತ್ತಿದ್ದೆವು. ಅತ್ತಿಗೆ ನೀರು ಕುಡಿಯಲೆಂದು ಅಮ್ಮನ ಜೊತೆ ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ನನ್ನನ್ನು ಕೂಗಿದಳು. ಅತ್ತಿಗೆ ಏಳನೇ ಕ್ಲಾಸು ಓದಿದವಳು, ಮೆತ್ತಗೆ ಮಾತಾಡುವವಳು, ಅಮ್ಮನಿಗೆ ಎದುರಾಡಿದ್ದನ್ನು ನಾನು ಕಂಡಿಲ್ಲ.

"ಬಾ ಇಲ್ಲಿ. ಅತ್ತೆ ಕಾಲ್ ಹತ್ರ ಬಾ. ವಾಸ್ನೆ ಬರ್ತಾ ಐತೆ ಕಣಮ್ಮ."

"ಬ್ಲೀಚಿಂಗ್ ವಾಸನೆ ಅದು" ಎಂದೆ.

"ಅಲ್ಲ. ಇಲಿ ಸತ್ತಿರೋ ವಾಸ್ನೆ. ಒಳಗೆ ಬ್ಲೀಚಿಂಗ್ ಘಾಟಿಗೆ ಗೊತ್ತಾಗಿಲ್ಲ."

ಬಗ್ಗಿದೆ. ನಿಜವಾಗಿತ್ತು. ಬಟ್ಟೆ ಬಿಚ್ಚಿದರೆ ಪಾದದ ಮೇಲ್ಭಾಗ ಊದಿ ಮಿರಮಿರ ಮಿಂಚುತ್ತಿತ್ತು. ಹೆಬ್ಬೆರಳಿನ ಪಕ್ಕದ ಬೆರಳು ಕಂದಿ ನೀಲಿಯಾಗಿತ್ತು. ಬೆಳಿಗ್ಗೆ ನೋಡಿದಾಗ ಹೀಗಿರಲಿಲ್ಲ ಎಂದು ನಾನು ಮತ್ತೆ ಮತ್ತೆ ಹೇಳಿದೆ, ಯಾರಿಗೆ ಹೇಳುತ್ತಿದ್ದೆನೋ. ಅಮ್ಮ, "ಇನ್ನೊಂದು ದಿನ, ನಾಳೆ ಎಲ್ಲಾ ಹತ್ತಿಬಿಡ್ತವೆ" ಎಂದಳು. ಅತ್ತಿಗೆ ಅವಳ ಮಾತಿಗೆ ಉತ್ತರವನ್ನೇ ಕೊಡದೆ ಮೇಲೂರಿನ ಆಟೋದವನಿಗೆ ಫೋನು ಮಾಡಿದಳು. ಒಂಬತ್ತು ವರ್ಷ ಕಾಯಿಲೆ ಓದಿದ ನಾನು ಅಲ್ಲಿ ಕಂಬದ ಹಾಗೆ ನಿಂತಿದ್ದೆ.

ಚಿಕ್ಕಬಳ್ಳಾಪುರದ ಆಸ್ಪತ್ರೆಯ ಡಾಕ್ಟರಿಗೆ ನನ್ನಷ್ಟೇ ವಯಸ್ಸಿರಬೇಕು. ಅಮ್ಮನ ಕಾಲನ್ನು ಒಂದು ಸ್ಟೂಲಿನ ಮೇಲಿಟ್ಟು, ತೂತಿನೊಳಕ್ಕೆ ತೆಳ್ಳಗಿನ ಸ್ಟೀಲ್ ಕಡ್ಡಿಯೊಂದನ್ನು ಮೆಲ್ಲಗೆ ಬಿಟ್ಟರು. ಅದು ಹೋಯಿತು, ಹೋಯಿತು, ಇನ್ನೂ ಹೋಯಿತು. ಆಮೇಲೆ ಗಟ್ಟಿಯಾದದ್ದೇನಕ್ಕೋ ತಾಕಿ ಟಿಕ್ ಎಂದಿತು. "ಕಡ್ಡಿ ಮೂಳೆಗೆ ತಾಕಿತು" ಎಂಬ ಸಾಲನ್ನು ನಾನು ಎಷ್ಟು ಶೀಟುಗಳಲ್ಲಿ ಓದಿದ್ದೇನೋ. ಅದಕ್ಕೊಂದು ಸದ್ದು ಇರುತ್ತದೆಂದು ಗೊತ್ತಿರಲಿಲ್ಲ. ನಾನು ಗೋಡೆಗೆ ಒರಗಿದೆ. ಅಮ್ಮ ಮಾತ್ರ ಫ್ಯಾನು ನೋಡುತ್ತಾ ಕೂತಿದ್ದಳು. ಅವಳಿಗೆ ಏನೂ ತಿಳಿದಿರಲಿಲ್ಲ.

"ಎಷ್ಟು ದಿನದಿಂದ ಇದೆ ಇದು?" ಡಾಕ್ಟರು ಕೇಳಿದರು.

"ಇವತ್ತೇ ಕಂಡಿದ್ದು ಸ್ವಾಮಿ" ಎಂದಳು ಅಮ್ಮ, ತಟ್ಟನೆ. ನನ್ನ ಕಡೆ ನೋಡಲೂ ಇಲ್ಲ. ನನ್ನ ಮೇಲೆ ಮಾತು ಬಾರದಿರಲಿ ಎಂದು ಅವಳು ಸುಳ್ಳು ಹೇಳಿದ್ದಳು. ಡಾಕ್ಟರು ಬರೆಯಲು ಪೆನ್ನು ಎತ್ತಿದರು. ಬರೆದುಬಿಟ್ಟರೆ ಮುಗಿಯಿತು, ಕಾಗದದ ಮೇಲೆ ಅದೇ ಸತ್ಯ. ನನ್ನ ತಪ್ಪು ಎಲ್ಲೂ ಇರುವುದಿಲ್ಲ. ಪೆನ್ನು ಕಾಗದಕ್ಕೆ ತಾಕುವವರೆಗೂ ಅದನ್ನೇ ನೋಡಿದೆ.

"ಐದು ದಿನ" ಎಂದೆ ಆಮೇಲೆ. "ನಾನು ನೋಡಿದ್ದೆ. ಚರ್ಮ ಅಷ್ಟೇ ಅಂದ್ಕೊಂಡೆ."

"ನೀವೇನು ಕೆಲಸ ಮಾಡ್ತೀರಿ?"

"ಮನೇಲಿರ್ತೀನಿ" ಎಂದೆ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಎರಡು ಬೆರಳು ತೆಗೆಯಬೇಕು, ಇವತ್ತೇ ತೆಗೆದರೆ ಪಾದ ಉಳಿಯಬಹುದು ಎಂದು ಹೇಳಿ ಎದ್ದುಹೋದರು. ಉಳಿಯುತ್ತದೆ ಎನ್ನಲಿಲ್ಲ.

ಒಪ್ಪಿಗೆಯ ಕಾಗದ ತಂದರು. ಅದರಲ್ಲಿ ಯಾವ ಕಾಲು ಎಂಬ ಜಾಗ ಖಾಲಿ ಇತ್ತು. ಬಲ ಎಡ ಅದಲುಬದಲಾದ ಶೀಟುಗಳು ನನ್ನ ಕೈಯಲ್ಲಿ ಎಷ್ಟೋ ಹಾದುಹೋಗಿವೆ. ಒಂದು ಪುಟದಲ್ಲಿ ಎಡ, ಮುಂದಿನ ಪುಟದಲ್ಲಿ ಬಲ. ಅಂಥವನ್ನು ವಾಪಸು ಕಳಿಸಿ ನಾನು ಟೀ ಕುಡಿಯಲು ಎದ್ದು ಹೋಗುತ್ತಿದ್ದೆ. ಇಲ್ಲಿ ಎಡ ಎಂದು ದಪ್ಪಗೆ ಬರೆದು ಅದರ ಸುತ್ತ ಗೆರೆ ಎಳೆದೆ. ಅದೂ ಸಾಲದೆ ನರ್ಸಿನ ಹತ್ತಿರ ಪೆನ್ನು ಇಸಿದುಕೊಂಡು ಅಮ್ಮನ ಎಡಗಾಲಿನ ಮೇಲೆ ಬಾಣದ ಗುರುತು ಬರೆದೆ.

"ಕೊಳೆತಿರೋ ಕಾಲು ಯಾವ್ದು ಅಂತ ಅವ್ರಿಗೆ ಕಾಣಲ್ವೇನೇ?" ಎಂದು ಅಮ್ಮ ನಕ್ಕಳು. ನರ್ಸೂ ನಕ್ಕರು. ನಾನು ಬಲಗಾಲಿನ ಮೇಲೆ "ಇದಲ್ಲ" ಎಂದು ಬರೆಯಲು ಹೊರಟಾಗ ನರ್ಸು ಪೆನ್ನು ಕಿತ್ತುಕೊಂಡರು.

ಎರಡು ಬೆರಳು ಹೋದವು. ಪಾದ ಉಳಿಯಿತು. ತೆಗೆದದ್ದನ್ನು ಒಂದು ಸಣ್ಣ ಕವರಿನಲ್ಲಿ ಕಟ್ಟಿ, ತೆಗೆದುಕೊಂಡು ಹೋಗುತ್ತೀರಾ ಎಂದು ಕೇಳಿದರು. ಮನೆಯವರ ಮೈಯ ಭಾಗ ಕಂಡವರ ಕಸಕ್ಕೆ ಹೋಗಬಾರದು ಎಂದು ಅಣ್ಣ ತೆಗೆದುಕೊಂಡು ಹೋಗಿ ನಮ್ಮ ತೋಟದ ಬದುವಿನಲ್ಲಿ ಹೂತು ಬಂದ. ಅಮ್ಮ ಎಚ್ಚರವಾದ ಮೇಲೆ, "ಯಾವ ಮೂಲೇಲಿ ಇಟ್ಯಪ್ಪ? ನಾನು ಅಲ್ಲಿ ತುಳೀಬಾರ್ದು ನೋಡು" ಎಂದು ಕೇಳಿದಳು. ಆಮೇಲೆ ಹುಳು ಎಷ್ಟು ಹತ್ತಿದವು ಎಂದು ಕೇಳಿದಳು. ಎಲ್ಲವೂ ಹತ್ತಿದ್ದವು. ಆ ಸಲ ಗೂಡು ಬಹಳ ಚೆನ್ನಾಗಿ ಬಂದಿತ್ತು. "ನೋಡ್ದಾ ಮತ್ತೆ" ಎಂದು ನನ್ನ ಕಡೆ ತಿರುಗಿದಳು, ಗೆದ್ದವಳ ಹಾಗೆ. ನನಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು, ಅವಳ ಕಾಲು ಹಿಡಿದು ಅಳಬೇಕೆಂದೂ ಅನಿಸಿತು.

ಎರಡು ತಿಂಗಳು ಅಮ್ಮ ನಮ್ಮ ಮನೆಯಲ್ಲೇ ಇದ್ದಳು. ನಾನು ಕೆಲಸ ಮಾಡುವಾಗ ಪಕ್ಕದಲ್ಲಿ ಕುರ್ಚಿಯ ಮೇಲೆ ಕಾಲು ನೀಡಿಕೊಂಡು ಕೂರುತ್ತಿದ್ದಳು. ಒಂದು ದಿನ ಕಡಲೆಕಾಯಿ ಸುಲಿಯುತ್ತಾ ಕೇಳಿದಳು:

"ನನ್ನಂಗೇ ಬೆರಳು ಹೋದೋರ್ನ ಓದ್ತೀಯಲ್ಲ ನೀನು. ಅವ್ರೆಲ್ಲ ಆಮೇಲೆ ಏನಾಗ್ತಾರೆ?"

ಮೂರು ಸೊನ್ನೆಯ ಮನುಷ್ಯ ಕಣ್ಣ ಮುಂದೆ ಬಂದ. ಬೆರಳು, ಪಾದ, ಮೊಣಕಾಲು, ಆಮೇಲೆ ಬರದೇ ಹೋದ ಶೀಟು. ಬೆರಳಿನಲ್ಲೇ ನಿಂತವರೂ ಇದ್ದಾರೆ, ವರ್ಷವರ್ಷವೂ ಅದೇ ಕೋಡಿನಲ್ಲಿ ಬರುವವರು. ಆದರೆ ಭಯಕ್ಕೆ ಅವರು ಯಾರೂ ನೆನಪಿಗೆ ಬರಲಿಲ್ಲ.

"ಚೆನ್ನಾಗಿ ನೋಡ್ಕೊಂಡ್ರೆ ಏನೂ ಆಗಲ್ಲ" ಎಂದೆ.

"ನೋಡ್ಕೊಳ್ದೇ ಇದ್ರೆ?"

ನಾನು ಲ್ಯಾಪ್‌ಟಾಪಿನ ಕಡೆ ತಿರುಗಿದೆ. ನನ್ನ ಬೆನ್ನು ಅವಳಿಗೆ ಎಲ್ಲವನ್ನೂ ಹೇಳಿರಬೇಕು. ಅವತ್ತಿನಿಂದ ಅವಳೇ ಬೆಳಿಗ್ಗೆ ಕನ್ನಡಿ ನೆಲದ ಮೇಲಿಟ್ಟು ಎರಡೂ ಅಂಗಾಲು ನೋಡಿಕೊಳ್ಳತೊಡಗಿದಳು. ಊರಿಗೆ ವಾಪಸು ಹೋದ ಮೇಲೂ ಬಿಡಲಿಲ್ಲ ಎಂದು ಅತ್ತಿಗೆ ಫೋನಿನಲ್ಲಿ ಹೇಳಿದಳು. ಹುಳುವಿನ ಮನೆಗೂ ಚಪ್ಪಲಿ ಹಾಕಿಕೊಂಡೇ ಹೋಗುತ್ತಿದ್ದಳಂತೆ, ಹೊಸ್ತಿಲಲ್ಲಿ ಒಂದು ಸಲ ಕೈಮುಗಿದು.

ಹೋದ ವರ್ಷ ಯುಗಾದಿ ಕಳೆದು ಸ್ವಲ್ಪ ದಿನಕ್ಕೆ, ಬೆಳಿಗ್ಗೆ ಹನ್ನೊಂದು ಗಂಟೆಗೆ ಅಮ್ಮನ ಫೋನು ಬಂತು. ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಇದ್ದೇನೆ, ಬಾ ಎಂದಳು. ಊರಿನ ಹುಳುಗಳು ನಾಲ್ಕನೇ ಜ್ವರ ಎದ್ದು ಮೂರು ದಿನವಾಗಿತ್ತು, ಆ ಸಲ ಕೆಲಸದ ಒತ್ತಡದಲ್ಲಿ ನಾನು ಹೋಗಿರಲಿಲ್ಲ. ಹುಳು ಹಗಲೂ ರಾತ್ರಿ ತಿನ್ನುವ ಆ ವಾರದಲ್ಲಿ ಅಮ್ಮ ಪಕ್ಕದ ಜಂಗಮಕೋಟೆಗೂ ಹೋದವಳಲ್ಲ. ಅವಳ ಸ್ವಂತ ತಮ್ಮನ ಮದುವೆಗೇ ಹೋಗಿರಲಿಲ್ಲ.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. ಬಲಗಾಲನ್ನು ನೆಲಕ್ಕೆ ತಾಕಿಸದೆ ಎತ್ತಿ ಹಿಡಿದಿದ್ದಳು.

"ಬೆಳಿಗ್ಗೆ ಕನ್ನಡೀಲಿ ಕಾಣಿಸ್ತು. ಬೊಬ್ಬೆ ಒಡೆದಂಗೈತೆ. ಆಸ್ಪತ್ರೆಗೆ ಹೋಗಣ ನಡಿ."

"ಹುಳ?"

"ಇದ್ರೆ ಇರ್ತವೆ, ಹೋದ್ರೆ ಹೋಗ್ತವೆ. ನಂಗೆ ಭಯ ಆಗ್ತೈತೆ ಕಣೇ."

ಅಮ್ಮನ ಬಾಯಲ್ಲಿ ಆ ಮಾತನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅಪ್ಪ ತೀರಿಕೊಂಡಾಗಲೂ ಕೇಳಿರಲಿಲ್ಲ. ಅವಳು ಏಂ ಕಾದುಲೇ ಎಂದಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಅದೇ ಡಾಕ್ಟರು, ಅದೇ ಸ್ಟೂಲು. ಬಲಗಾಲನ್ನು ಎತ್ತಿಟ್ಟು ಸ್ಟೀಲ್ ಕಡ್ಡಿ ತೆಗೆದುಕೊಂಡರು. ಅಮ್ಮ ನನ್ನ ಕೈ ಹಿಡಿದುಕೊಂಡಳು. ಈ ಸಲ ಫ್ಯಾನು ನೋಡಲಿಲ್ಲ, ಡಾಕ್ಟರ ಕೈಯನ್ನೂ ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ಪಾದಕ್ಕೆ ಏನೂ ತಿಳಿಯುವುದಿಲ್ಲವಲ್ಲ, ಏನಾಗುತ್ತಿದೆ ಎಂದು ನನ್ನ ಮುಖ ನೋಡಿಯೇ ಅವಳು ತಿಳಿಯಬೇಕಿತ್ತು. ನಾನು ಹಲ್ಲು ಕಚ್ಚಿಕೊಂಡು ನಿಂತೆ. ಕಿವಿ ಮಾತ್ರ ಆ ಸದ್ದಿಗೆ ಕಾಯುತ್ತಿತ್ತು.

ಸದ್ದು ಬರಲಿಲ್ಲ. ಡಾಕ್ಟರು ಕಡ್ಡಿಯನ್ನು ಪಕ್ಕಕ್ಕಿಟ್ಟು, "ಮೇಲೆ ಮೇಲೆ ಇದೆ ಅಮ್ಮ. ಚರ್ಮ ಅಷ್ಟೇ. ಬೇಗ ಬಂದಿದ್ದೀರಿ, ಒಳ್ಳೇದಾಯ್ತು. ಡ್ರೆಸಿಂಗ್ ಮಾಡಿಸ್ಕೊಳಿ" ಎಂದು ಮುಂದಿನ ರೋಗಿಯ ಕಡೆ ಹೋದರು.

ಅಮ್ಮ ಅಲುಗಾಡಲಿಲ್ಲ. ನನ್ನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು.

"ಚರ್ಮ ಅಷ್ಟೇನಾ?"

"ಡಾಕ್ಟ್ರು ಹೇಳಿದ್ರಲ್ಲಮ್ಮ."

"ಅವ್ರು ಹೇಳಿದ್ದು ಕೇಳಿಸ್ತು. ನೀನು ನೋಡಿ ಹೇಳು. ನೀನು ಓದಿದೋಳು."

ಬಗ್ಗಿ ನೋಡಿದೆ. ಕಾಸಿನಗಲದ ಕೆಂಪು ಹುಣ್ಣು, ಒದ್ದೆಯಾಗಿ ಹೊಳೆಯುತ್ತಿತ್ತು. ನನ್ನ ಕಣ್ಣಿಗೆ ಅದು ಎಡಗಾಲಿನ ಆ ಒಣ ತೂತಿಗಿಂತ ನೂರು ಪಾಲು ಭಯಂಕರವಾಗಿ ಕಾಣುತ್ತಿತ್ತು. ಹೌದಮ್ಮ, ಚರ್ಮ ಅಷ್ಟೇ ಎಂದು ಒಂದು ಮಾತು ಹೇಳಿದ್ದರೆ ಅವಳ ಜೀವಕ್ಕೆ ತಂಪಾಗುತ್ತಿತ್ತು.

"ನಂಗೆ ನೋಡಿದ್ರೆ ಗೊತ್ತಾಗಲ್ಲಮ್ಮ" ಎಂದೆ. "ಯಾವತ್ತೂ ಗೊತ್ತಾಗ್ತಿರ್ಲಿಲ್ಲ."

ಅಮ್ಮ, "ಹೂಂ, ಹಂಗಾದ್ರೆ ಡಾಕ್ಟ್ರು ಹೇಳಿದ್ದೇ ಸರಿ ಇರ್ಬೇಕು" ಎಂದು ನನ್ನ ಕೈ ಬಿಟ್ಟು, ಡ್ರೆಸಿಂಗಿಗೆ ತಾನೇ ನರ್ಸನ್ನು ಕರೆದಳು.